ಬಚ್ಚಲಿನದು, ಅಡುಗೆಮನೆಯದು, ಮೆಟ್ಟಿಲಿನದು

ಕೊಡೆ ಗುಮಾಸ್ತನ ಬಳಿ ಇದ್ದ ಗಿಟಾರು ಒಂದೇ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಇದನ್ನು ನಂಬುವವರು ಯಾರೂ ಸಿಗುವುದಿಲ್ಲ.

ಅವನು ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ಕೋಣೆಯ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟುಹೋಗುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕಿಟಕಿಯಿಲ್ಲದ ಕೋಣೆ, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಕಪಾಟುಗಳು, ಒಂದು ಕಾಲು ಗಿಡ್ಡವಾದ ಮೇಜು. ಅವನೆದುರು ಬಂದು ನಿಲ್ಲುವವರು ಎರಡು ಬಗೆ. ತಮ್ಮ ಕೊಡೆ ಯಾವ ಬಣ್ಣದ್ದೆಂದು ನೆನಪಿಲ್ಲದ ಪ್ರಾಮಾಣಿಕರು ಒಂದು. ಬೇರೆಯವರ ಕೊಡೆಯ ಹಿಡಿಯಲ್ಲಿರುವ ಬಿರುಕನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲ ಸುಳ್ಳರು ಇನ್ನೊಂದು. ಕೊಡೆ ಯಾವಾಗಲೂ ಎರಡನೆಯವರ ಪಾಲಾಗುತ್ತಿತ್ತು. ನಿಯಮ ಕೇಳುತ್ತಿದ್ದುದು ವರ್ಣನೆಯನ್ನು. ಸತ್ಯವನ್ನು ಕೇಳಬೇಕೆಂದು ಯಾವ ಮೇಲಧಿಕಾರಿಯೂ ಬರೆದಿರಲಿಲ್ಲ.

ಗಿಟಾರು ಸಹ ಆ ಕೋಣೆಗೆ ಬಂದದ್ದೇ. ಯಾವುದೋ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿತ್ತಂತೆ. ಕರೆಂಟಿನ ಹಂಗಿಲ್ಲದ ಮರದ ಗಿಟಾರು, ಹೊಟ್ಟೆಯ ಮೇಲೆ ಒಂದು ಗೀರು. ಪ್ರಾಮಾಣಿಕರೂ ಬರಲಿಲ್ಲ, ಸುಳ್ಳರೂ ಬರಲಿಲ್ಲ. ಹರಾಜಿನಲ್ಲಿ ಕೂಗುವವರೇ ಇಲ್ಲದೆ ಕೊನೆಗೆ ಅವನೇ ಕೊಂಡುಕೊಂಡ. ಕಲಿತದ್ದು ಒಂದೂವರೆ ಹಾಡು. ಉಳಿದ ಅರ್ಧ ಎಂದಾದರೂ ಬರುತ್ತದೆ ಎಂಬ ನಂಬಿಕೆಯ ಮೇಲೆ ಜೀವನ ಸಾಗುತ್ತಿತ್ತು.

ಬಾರಿಸಲು ಜಾಗ ಮಾತ್ರ ಇರಲಿಲ್ಲ. ನೌಕರರ ವಸತಿಗೃಹದ ಎರಡನೆಯ ಮಹಡಿಯಲ್ಲಿ ಅವನ ಮನೆ: ಒಂದು ನಡುಮನೆ, ಒಂದು ಒಳಕೋಣೆ, ಅಡುಗೆಮನೆ, ಬಚ್ಚಲು. ಬೆಳಗ್ಗೆ ಒಳಕೋಣೆಯಲ್ಲಿ ಅತ್ತೆ ಮಲಗಿರುತ್ತಿದ್ದರು, ನಡುಮನೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು, ಅಡುಗೆಮನೆಯಲ್ಲಿ ಹೆಂಡತಿ ಯಾರ ಮುಖವನ್ನೂ ನೋಡಲು ಸಿದ್ಧಳಾಗಿರುತ್ತಿರಲಿಲ್ಲ. ಉಳಿದದ್ದು ಬಚ್ಚಲು. ಬಕೆಟ್ಟು ಬೋರಲು ಹಾಕಿ, ಬಾಗಿಲು ಮುಚ್ಚಿಕೊಂಡು ಬಾರಿಸುತ್ತಿದ್ದ. ಸಂಜೆ ನಡುಮನೆ ಅತ್ತೆಯ ಟೀವಿಗೆ, ಒಳಕೋಣೆ ಮಗಳಿಗೆ. ಆಗ ಅಡುಗೆಮನೆಯ ಮೂಲೆಯಲ್ಲಿ, ಸದ್ದು ಮಾಡಬಾರದೆಂಬ ಷರತ್ತಿನ ಮೇಲೆ, ತಂತಿಗಳ ಕೆಳಗೆ ಕರವಸ್ತ್ರ ತುರುಕಿ ಮೆಲ್ಲಗೆ ಮೀಟುತ್ತಿದ್ದ. ರಜೆಯ ದಿನ ಹೆಂಡತಿ ಇಡೀ ಮನೆ ಗುಡಿಸಿ ಒರೆಸುವಾಗ ಕಸದ ಜೊತೆ ಅವನೂ ಹೊರಬೀಳುತ್ತಿದ್ದ. ಆಗ ಮೆಟ್ಟಿಲೇ ಗತಿ.

ಜಾಗವಿಲ್ಲದವನ ವಾದ್ಯ ಕೂತಲ್ಲೊಂದು ದನಿ ತೆಗೆಯುತ್ತದೆ. ಬಚ್ಚಲಿನ ಗೋಡೆಗೆ ಬಡಿದ ನಾದ ಗಾಳಿಕಿಂಡಿಯ ಮೂಲಕ ಮೇಲಿನ ಮನೆಯ ಬಚ್ಚಲಿಗೆ ಗಂಭೀರವಾಗಿ ಏರುತ್ತಿತ್ತು. ಅಲ್ಲಿ ವಸತಿಗೃಹ ಸಮಿತಿಯ ಕಾರ್ಯದರ್ಶಿ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಅಡುಗೆಮನೆಯ ಪಿಸುದನಿ ಗೋಡೆ ದಾಟಿ ಪಕ್ಕದ ಮನೆಯ ನರ್ಸಮ್ಮನಿಗೆ ಕೇಳುತ್ತಿತ್ತು. ರಾತ್ರಿ ಪಾಳಿಗೆ ಹೊರಡುವ ಮುಂಚೆ ಅವಳು ಅದನ್ನು ಕೇಳುತ್ತಲೇ ಒಂದು ಕೋಳಿನಿದ್ದೆ ತೆಗೆಯುತ್ತಿದ್ದಳು. ಮೆಟ್ಟಿಲಿನ ಸದ್ದು ಉರುಳುತ್ತ ಕೆಳಗಿಳಿದು, ಕಂಡಕ್ಟರ್ ಮಗನ ಮನೆಯಲ್ಲಿರುವ ನಿವೃತ್ತ ಚಾಲಕನ ಬಾಗಿಲಿಗೆ ಬೀಳುತ್ತಿತ್ತು. ಮೊದಲು ಹಾರನ್ ಹೊಡೆದು ಆಮೇಲೆ ಗಾಡಿ ಶುರುಮಾಡುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಹಾರನ್ ತಾತ ಎನ್ನುತ್ತಿದ್ದರು.

ಅನಾಹುತ ಶುರುವಾದದ್ದು ಡಿಪೋಗೆ ಹೋಗುವ ಸಿಬ್ಬಂದಿ ಬಸ್ಸಿನಲ್ಲಿ.

ಕಾರ್ಯದರ್ಶಿ ಮೊಬೈಲಿನಲ್ಲಿ ಏನೋ ಓದುತ್ತಿದ್ದರು. ಅವರ ಕೆಲಸ ಟಿಕೆಟ್ ತಪಾಸಣೆ. ಟಿಕೆಟ್ ತೋರಿಸಿದವನನ್ನೂ ಇನ್ನೊಮ್ಮೆ ಮೇಲಿಂದ ಕೆಳಗೆ ನೋಡುವ ಕಣ್ಣು ಅವರದು. ಆ ಕಣ್ಣನ್ನು ಗುಮಾಸ್ತನ ಮೇಲಿಟ್ಟರು.

"ಏನ್ರೀ ಗುಮಾಸ್ತರೆ, ಇಲ್ಲಿ ಯಾರೋ ಗಿಟಾರ್ ಬಾರಿಸೋರನ್ನೆಲ್ಲ ಕೇಳಿದಾರಂತೆ, ನಿಮ್ಮ ಹತ್ರ ಎಷ್ಟಿವೆ, ಯಾವುದು ಇಷ್ಟ ಅಂತ. ಒಬ್ಬೊಬ್ಬನ ಹತ್ರ ನಾಲ್ಕು ಐದು ಇರುತ್ತಂತಲ್ರೀ. ಒಂದೇ ಇಟ್ಕೊಂಡವನನ್ನ ಅವರು ಲೆಕ್ಕಕ್ಕೇ ತಗೊಳ್ಳಲ್ವಂತೆ. ನಿಮ್ಮ ಹತ್ರ ಎಷ್ಟಿವೆ?"

ಗುಮಾಸ್ತ "ಒಂದು" ಎನ್ನಲು ಬಾಯಿ ತೆರೆದ.

"ನಾನೇ ಹೇಳ್ತೀನಿ ಇರಿ," ಎಂದರು ಕಾರ್ಯದರ್ಶಿ. "ಬೆಳಗ್ಗೆ ನನ್ನ ಬಚ್ಚಲಿಗೆ ಕೇಳೋದು ಒಂದು. ಭಾರೀ ಗತ್ತಿನದು ಅದು. ನರ್ಸಮ್ಮ ಹೇಳೋ ಮೆತ್ತಗಿನದು ಇನ್ನೊಂದು. ಹಾರನ್ ತಾತ ಮೆಟ್ಟಿಲಿಂದು ಅಂತ ಬಡಬಡಿಸ್ತಾನಲ್ಲ, ಅದು ಮೂರನೇದು. ಸರೀನಾ?"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷ ಅವನ ಕಡೆ ತಿರುಗಿದವರು ಕೊಡೆ ಕೇಳಲು ತಿರುಗಿದ್ದರು ಅಷ್ಟೆ. ತನ್ನ ಬಳಿ ಇರುವುದಕ್ಕಿಂತ ಹೆಚ್ಚು ಇದೆಯೆಂದು ಜಗತ್ತು ಭಾವಿಸಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಇವೆ ಸರ್, ಹೀಗೇ... ಸಂದರ್ಭಕ್ಕೆ ತಕ್ಕ ಹಾಗೆ."

"ಯಾವುದು ಇಷ್ಟ?"

"ಹೇಗೆ ಹೇಳೋದು ಸರ್. ಬಚ್ಚಲಿನದಕ್ಕೆ ಒಂದು ಗಾಂಭೀರ್ಯ. ಅಡುಗೆಮನೆಯದು ಸ್ವಲ್ಪ ನಾಚಿಕೆ ಸ್ವಭಾವದ್ದು. ಮೆಟ್ಟಿಲಿನದು..." ಎಂದು ಕಿಟಕಿಯ ಹೊರಗೆ ನೋಡಿದ, "ಅದನ್ನ ಪಳಗಿಸೋದೇ ಕಷ್ಟ."

ಆ ದಿನ ಅವನು ಕೊಡೆಗಳನ್ನು ಕೊಡುವಾಗ ಕೈ ಸ್ವಲ್ಪ ಎತ್ತರದಲ್ಲಿತ್ತು. ಮರುದಿನ ಸಂಜೆ ಬಾಗಿಲು ಬಡಿಯುವವರೆಗೂ ಹಾಗೆಯೇ ಇತ್ತು.

"ನಿನ್ನೆ ಬಸ್ಸಲ್ಲಿ ಕೇಳಿದ್ದು ನಾನು," ಎಂದರು ಹೊಸ್ತಿಲಾಚೆ ನಿಂತ ಕಾರ್ಯದರ್ಶಿ. "ಇವತ್ತು ಬಂದಿರೋದು ಸಮಿತಿ."

ವಸತಿಗೃಹದ ನಿಯಮ ಹೀಗಿತ್ತು: ಮನೆಯವರ ಸಂತೋಷಕ್ಕಾಗಿ ಒಂದು ವಾದ್ಯ ಇಟ್ಟುಕೊಳ್ಳಬಹುದು. ಒಂದಕ್ಕಿಂತ ಹೆಚ್ಚಿದ್ದರೆ ಅದು ವ್ಯಾಪಾರ. ವ್ಯಾಪಾರ ಮಾಡುವವನು ಮನೆ ಖಾಲಿ ಮಾಡಬೇಕು. ಬಡವನ ಸಂತೋಷಕ್ಕೆ ಒಂದಕ್ಕಿಂತ ಹೆಚ್ಚು ಏತಕ್ಕೆ ಬೇಕು ಎಂದು ಯಾವನೋ ಪುಣ್ಯಾತ್ಮ ಫ್ಯಾನಿನ ಕೆಳಗೆ ಕೂತು ಯೋಚಿಸಿದ್ದ. ಕಾರ್ಯದರ್ಶಿಯ ತಂಗಿಯ ಮಗ ಅದೇ ವಸತಿಗೃಹದಲ್ಲಿ ಮನೆಗಾಗಿ ಕಾಯುತ್ತಿದ್ದುದಕ್ಕೂ ಈ ನಿಯಮ ಆ ದಿನ ನೆನಪಾದದ್ದಕ್ಕೂ ಏನೇನೂ ಸಂಬಂಧವಿಲ್ಲವೆಂದು ಕಾರ್ಯದರ್ಶಿ ತಾವಾಗಿಯೇ, ಯಾರೂ ಕೇಳದೆಯೇ, ಸ್ಪಷ್ಟಪಡಿಸಿದರು.

"ಸರ್, ಇರೋದು ಒಂದೇ," ಎಂದ ಗುಮಾಸ್ತ.

"ನಿನ್ನೆ ಮೂರಿತ್ತು."

"ನಿನ್ನೆ ಸುಳ್ಳು ಹೇಳಿದೆ ಸರ್."

"ಸುಳ್ಳು ಹೇಳೋ ಮನುಷ್ಯನ ಮಾತನ್ನ ಇವತ್ತು ಹೇಗ್ರೀ ನಂಬೋದು?"

"ಹಾಗಾದ್ರೆ ನಿನ್ನೆದನ್ನೂ ನಂಬಬೇಡಿ."

"ನಿನ್ನೆದಕ್ಕೆ ನನ್ನ ಕಿವಿ ಸಾಕ್ಷಿ ಇದೆಯಲ್ರೀ. ರಜೆ ದಿನ ವಿಚಾರಣೆ. ಎಲ್ಲಾ ಗಿಟಾರನ್ನೂ ಹೊರಗೆ ತೆಗೆದಿಡಿ."

ಅವರು ಹೋದ ಮೇಲೆ ಹೆಂಡತಿ ಬಾಗಿಲ ಚಿಲಕ ಹಾಕಿದಳು. ಆಮೇಲೆ ಕೇಳಿದಳು, "ರೀ, ಮನೆ ಹೋದ್ರೆ ಅಮ್ಮನ್ನ, ಇವಳನ್ನ ಕಟ್ಕೊಂಡು ಎಲ್ಲಿಗೆ ಹೋಗೋದು? ನಿಮ್ಮ ಆ ಕೋಣೇಲಿ ಕೊಡೆಗಳ ಮಧ್ಯೆ ಮಲಗೋದಾ?"

ರಜೆಯ ದಿನ ಸಮಿತಿ ಬಂತು. ಕಾರ್ಯದರ್ಶಿ ಕುರ್ಚಿಯಲ್ಲಿ, ನರ್ಸಮ್ಮ ಮಂಚದ ತುದಿಯಲ್ಲಿ, ಹಾರನ್ ತಾತ ಅತ್ತೆಯ ಪಕ್ಕದಲ್ಲಿ ಕೂತರು. ಟೀವಿ ಆರಿಸಬೇಕಾಗಿ ಬಂದದ್ದಕ್ಕೆ ಅತ್ತೆ ಆಗಲೇ ಅಳಿಯನ ವಿರುದ್ಧವಿದ್ದರು.

ಗುಮಾಸ್ತ ಒಂದು ಉಪಾಯ ಯೋಚಿಸಿದ್ದ. ಎಲ್ಲರೆದುರು ಗಿಟಾರನ್ನು ಎತ್ತಿ ತೋರಿಸಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಾರಿಸಿದ. ಹೊರಗೆ ಕಾರ್ಯದರ್ಶಿ ಕಣ್ಣು ಮುಚ್ಚಿ, "ಇದೇ ಅದು. ಬಚ್ಚಲಿನದು," ಎಂದರು. ಅವನು ಅದೇ ಗಿಟಾರಿನೊಂದಿಗೆ ಹೊರಬಂದು, ಎಲ್ಲರ ಮುಂದೆಯೇ ನಡೆದು ಅಡುಗೆಮನೆ ಹೊಕ್ಕು, ಕರವಸ್ತ್ರ ತುರುಕಿ ಮೀಟಿದ.

"ಇದು ನನ್ನದು," ಎಂದಳು ನರ್ಸಮ್ಮ. "ಕೇಳಿದ ಕೂಡಲೇ ನಿದ್ದೆ ಬರ್ತಿದೆ ನೋಡಿ."

ಗುಮಾಸ್ತ ಹೊರಬಂದು, "ಎರಡೂ ಇದೇ," ಎಂದ.

"ಒಳಗೆ ಬದಲಾಯಿಸಿದ," ಎಂದರು ಕಾರ್ಯದರ್ಶಿ.

"ನಾನು ಒಳಗೇ ನಿಂತಿದ್ದೆನಲ್ಲ," ಎಂದಳು ಹೆಂಡತಿ. "ಅದೇ ಗಿಟಾರು."

"ಹೆಂಡತಿ ಸಾಕ್ಷಿ ನಡೆಯಲ್ಲ ತಾಯಿ."

"ಹಾಗಾದ್ರೆ ನೀವೇ ಬಚ್ಚಲಿಗೆ ಬನ್ನಿ ಸರ್, ಕಣ್ಣಾರೆ ನೋಡಿ," ಎಂದ ಗುಮಾಸ್ತ.

ಕಾರ್ಯದರ್ಶಿ ಹೋದರು. ಆ ಬಚ್ಚಲು ಒಬ್ಬನಿಗಾಗಿ, ಅದೂ ಊಟ ಕಡಿಮೆಯಿರುವ ಒಬ್ಬನಿಗಾಗಿ ಕಟ್ಟಿದ್ದು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಬಕೆಟ್ಟಿನ ಮೇಲೆ ಗುಮಾಸ್ತ, ನಲ್ಲಿಗೆ ಬೆನ್ನು ಕೊಟ್ಟು ಕಾರ್ಯದರ್ಶಿ, ಇಬ್ಬರ ನಡುವೆ ಗಿಟಾರು. ಬಾಗಿಲು ಮುಚ್ಚಬೇಕೆಂದರೆ ಮೊದಲು ಕಾರ್ಯದರ್ಶಿಯ ಹೊಟ್ಟೆಯನ್ನು ಹೊರಗಿಡಬೇಕಿತ್ತು. ಬಾಗಿಲು ತೆರೆದೇ ಬಾರಿಸಿದ. ನಾದ ನೆಟ್ಟಗೆ ನಡುಮನೆಗೆ ಓಡಿಹೋಗಿ ಸಣ್ಣಗೆ ಕೀರಲಾಯಿತು.

"ಇದು ಅದಲ್ಲ," ಎಂದರು ಕಾರ್ಯದರ್ಶಿ. "ನನ್ನ ಕಣ್ಣೆದುರು ಬೇರೆದನ್ನ ಬಾರಿಸ್ತೀರಲ್ರೀ."

ಗುಮಾಸ್ತನಿಗೆ ಮೈ ಪರಚಿಕೊಳ್ಳುವಂತಾಯಿತು. ಕೊನೆಯದಾಗಿ ನಡುಮನೆಯಲ್ಲೇ, ಎಲ್ಲರ ಮೂಗಿನ ಕೆಳಗೇ ಕೂತು ಬಾರಿಸಿದ. ಆ ಮನೆಯಲ್ಲಿ ಸಂಸಾರ ಹೂಡಿದ ಮೇಲೆ ನಡುಮನೆಯಲ್ಲಿ ಅವನು ಬಾರಿಸಿದ್ದು ಅದೇ ಮೊದಲು. ಸುತ್ತಿಟ್ಟ ಹಾಸಿಗೆಗಳು, ಬಟ್ಟೆಯ ಗಂಟುಗಳು, ಐದಾರು ಜನರ ಮೈ, ಎಲ್ಲ ಸೇರಿ ನಾದವನ್ನು ಹೀರಿಕೊಂಡವು. ಬಂದದ್ದು ಬಚ್ಚಲಿನದೂ ಅಲ್ಲದ, ಅಡುಗೆಮನೆಯದೂ ಅಲ್ಲದ, ಮೆಟ್ಟಿಲಿನದೂ ಅಲ್ಲದ ಒಂದು ಮಂಕು ದನಿ.

"ಅಯ್ಯೋ ಅಣ್ಣ," ಎಂದಳು ನರ್ಸಮ್ಮ ಕನಿಕರದಿಂದ, "ಇನ್ನೂ ಒಂದು ಇದ್ಯಾ?"

ಅಲ್ಲಿಗೆ ಗಿಟಾರುಗಳು ನಾಲ್ಕಾದವು.

ಅಟ್ಟ ತಡಕಿದರು. ತೂತು ಬಿದ್ದ ಕೊಡ, ಹತ್ತಿ ಹೊರಬಂದ ಹಾಸಿಗೆ, ಮಗಳ ಹಳೆಯ ಪುಸ್ತಕಗಳು ಸಿಕ್ಕವು. ಮಂಚದ ಕೆಳಗೆ ಅತ್ತೆಯ ಔಷಧಿ ಬಾಟಲಿಗಳು ಸಿಕ್ಕವು. ಗಿಟಾರು ಸಿಗಲಿಲ್ಲ. ಇದರಿಂದ ಕಾರ್ಯದರ್ಶಿಯ ಸಂಶಯ ಖಾತ್ರಿಯಾಯಿತು. ಟಿಕೆಟ್ ಇಲ್ಲದವನ ಹತ್ತಿರ ಟಿಕೆಟ್ ಸಿಗದಿರುವುದೇ ಸಾಕ್ಷಿಯಲ್ಲವೆ, ಹಾಗೆ.

"ಇಷ್ಟು ಚೆನ್ನಾಗಿ ಬಚ್ಚಿಟ್ಟಿದಾನೆ ಅಂದ್ರೆ ಪಳಗಿದ ಕೈ," ಎಂದರು.

ತೀರ್ಪು ಬಂತು. ಒಂದನ್ನು ಇಟ್ಟುಕೊಳ್ಳಬಹುದು. ಉಳಿದ ಮೂರನ್ನು ಬರುವ ರಜೆಯ ದಿನದೊಳಗೆ ಸಮಿತಿಗೆ ಒಪ್ಪಿಸಬೇಕು, ಇಲ್ಲವೆ ಮನೆ ಬಿಡಬೇಕು. ಯಾವುದನ್ನು ಇಟ್ಟುಕೊಳ್ಳಬೇಕೆಂಬುದರ ಮೇಲೆ ಮಾತ್ರ ನಿಜವಾದ ಜಗಳ ಹತ್ತಿಕೊಂಡಿತು.

"ಮೆಟ್ಟಿಲಿಂದು ಇರಲಿ," ಎಂದ ಹಾರನ್ ತಾತ. "ಅದ್ರಲ್ಲಿ ಘಾಟಿ ಇಳಿಯೋ ಗಾಡಿ ಸದ್ದಿದೆ."

"ಇಡೀ ರಾತ್ರಿ ಕಾಲ ಮೇಲೆ ನಿಂತು ದುಡಿಯೋಳು ನಾನು," ಎಂದಳು ನರ್ಸಮ್ಮ. "ನೀವು ಹಗಲೆಲ್ಲ ಮಲಗೇ ಇರ್ತೀರಲ್ಲ ತಾತ. ಅಡುಗೆಮನೆಯದೇ ಇರಬೇಕು."

"ಏನಮ್ಮಾ, ಮಲಗಿರೋನಿಗೆ ಕಿವಿ ಇಲ್ವಾ?"

ಯಾರೂ ಗಿಟಾರಿನ ಯಜಮಾನನನ್ನು ಕೇಳಲಿಲ್ಲ. ಅವನು ಗೋಡೆಗೊರಗಿ, ತನ್ನ ಬಳಿಯಿಲ್ಲದ ಮೂರು ಗಿಟಾರುಗಳಲ್ಲಿ ಯಾವುದು ಮೇಲು ಎಂದು ತಾನೂ ಯೋಚಿಸತೊಡಗಿದ್ದ. ಕಾರ್ಯದರ್ಶಿ ಎದ್ದು ನಿಂತರು. ಅತಿ ಕಡಿಮೆ ಸದ್ದಿನದು ಯಾವುದೋ ಅದೇ ಉಳಿಯತಕ್ಕದ್ದು ಎಂದು ನಿಯಮವಿದೆ, ಆದ್ದರಿಂದ ಅಡುಗೆಮನೆಯದು. "ನನ್ನ ಸ್ವಂತ ಇಷ್ಟ ಇಲ್ಲಿ ಬರಲ್ಲ," ಎಂದರು. ಹೇಳುತ್ತ ಬಚ್ಚಲಿನ ಬಾಗಿಲಿನ ಕಡೆ ಒಮ್ಮೆ ನೋಡಿದರು.

ಇಲ್ಲದ ಮೂರು ಗಿಟಾರುಗಳನ್ನು ತರುವುದು ಎಲ್ಲಿಂದ? ಆ ವಾರವಿಡೀ ಗುಮಾಸ್ತ ಕೌಂಟರಿನ ಹಿಂದೆ ಕೂತು ಇದನ್ನೇ ಯೋಚಿಸಿದ. ತಮ್ಮದಲ್ಲದ್ದನ್ನು ತಮ್ಮದೆಂದು ಸಾಧಿಸುವವರನ್ನು ಕಂಡು ಸಾಕಾಗಿದ್ದವನಿಗೆ, ಇಲ್ಲವೇ ಇಲ್ಲದ್ದನ್ನು ತನ್ನದಲ್ಲವೆಂದು ಸಾಧಿಸುವ ದಾರಿ ಹೊಳೆಯಲಿಲ್ಲ. ಹೊಳೆದದ್ದು ಹೆಂಡತಿಗೆ. ಅವಳು ವಾದ ಮಾಡಿ ದಣಿದಿರಲಿಲ್ಲ, ಮನೆಗೆಲಸ ಮಾಡಿ ದಣಿದಿದ್ದಳು; ಹಾಗಾಗಿ ತಲೆ ಓಡುತ್ತಿತ್ತು. ತಮ್ಮನಿಗೆ ಫೋನ್ ಮಾಡಿದಳು.

ಭಾವಮೈದ ಬಟ್ಟೆ ಅಂಗಡಿಗಳ ಗಾಜಿನ ಕಿಟಕಿಗೆ ಅಲಂಕಾರ ಮಾಡುವವನು. ಗೊಂಬೆಗಳ ಕೈಗೆ ಕೊಡಲು ಅವನೇ ಪ್ಲೈವುಡ್ಡಿನಲ್ಲಿ ಗಿಟಾರು ಕತ್ತರಿಸುತ್ತಿದ್ದ. ನಡುವಿನ ತೂತು ಕಪ್ಪು ಬಣ್ಣದ ದುಂಡು ಚುಕ್ಕೆ. ತಂತಿಯ ಜಾಗದಲ್ಲಿ ಪ್ಲಾಸ್ಟಿಕ್ ದಾರ. ಹಳೆಯವು ಮೂರನ್ನು ಚೀಲದಲ್ಲಿ ಹಾಕಿಕೊಂಡು ಬಂದ.

"ಭಾವ, ಹತ್ತಿರ ಹೋಗಿ ನೋಡಿದ್ರೆ ಮಗು ಸಹ ನಗುತ್ತೆ," ಎಂದ.

"ಸಮಿತಿಯಲ್ಲಿ ಮಕ್ಕಳಿಲ್ಲ," ಎಂದಳು ಅಕ್ಕ. "ತಾ ಇಲ್ಲಿ."

ಒಪ್ಪಿಸುವ ದಿನ ಕಾರ್ಯದರ್ಶಿ ಮೂರನ್ನೂ ಸಾಲಾಗಿ ಗೋಡೆಗೆ ನಿಲ್ಲಿಸಿ, ಕಂದು ಬಣ್ಣದ್ದನ್ನು ಬೆರಳಿನಿಂದ ತಟ್ಟಿದರು. ಟಕ್ ಎಂದಿತು.

"ಮರ ನೋಡ್ರೀ ಮರ," ಎಂದರು. "ಬಚ್ಚಲಿನ ತೇವ ಕುಡಿದು ಕುಡಿದು ಹೇಗೆ ಗಟ್ಟಿಯಾಗಿದೆ."

ಗುಮಾಸ್ತ ಬಾಯಿ ತೆರೆದ. ಹೆಂಡತಿ ಅವನ ಕಾಲ್ಬೆರಳು ತುಳಿದಳು.

ಹಾರನ್ ತಾತ ಹಳದಿಯದನ್ನು ಎತ್ತಿ ಎದೆಗವಚಿಕೊಂಡು, "ಇದೇ ಕಣಪ್ಪ ನನ್ನ ಮೆಟ್ಟಿಲಿಂದು. ಎಷ್ಟು ಹಗುರ. ಅದಕ್ಕೇ ಸದ್ದು ಹಾರಿ ಹಾರಿ ಬರ್ತಿತ್ತು," ಎಂದ. ಕಣ್ಣಂಚು ಒದ್ದೆಯಾಗಿತ್ತು. ಮೂರನೆಯದು ನಡುಮನೆಯದು, ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಒಂದೇ ಒಂದು ಗಿಟಾರು ಯಾರಿಗೂ ಬೇಡವಾಗಿತ್ತು. ಮೂರನ್ನೂ ನೀರಿನ ಪಂಪಿನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮನೆ ಉಳಿಯಿತು. ಗಿಟಾರೂ ಉಳಿಯಿತು, ಕರವಸ್ತ್ರದ ಸಮೇತ. ಇನ್ನು ಬಚ್ಚಲಿನಲ್ಲಿ ಕೂತು ಬಾರಿಸಿದರೆ ಹೊಸ ಗಿಟಾರು ತಂದನೆಂದಾಗುತ್ತದೆ, ಮೆಟ್ಟಿಲಲ್ಲಿ ಕೂತರೆ ಹಳೆಯದನ್ನು ಕದ್ದನೆಂದಾಗುತ್ತದೆ. ಬೆಳಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಹೆಂಡತಿಯ ಕೈಯಲ್ಲಿ ಸೌಟು ನಿಲ್ಲುತ್ತಿತ್ತು. ಸಂಜೆ ಒಂದಿಷ್ಟು ಹೊತ್ತು, ಅದೇ ಒಂದೂವರೆ ಹಾಡು, ಬಾಯಿಗೆ ಬಟ್ಟೆ ತುರುಕಿದವನು ಅತ್ತ ಹಾಗೆ. ಕಲಿಯಬೇಕಿದ್ದ ಅರ್ಧ ಇನ್ನು ಬರುವುದಿಲ್ಲವೆಂದು ಅವನಿಗೆ ಮೊದಲ ಸಲ ಅನ್ನಿಸಿತು. ಗಿಟಾರನ್ನು ಮಂಚದ ಕೆಳಗೆ ತಳ್ಳಿ ಟೀವಿ ನೋಡಲು ಕೂತ. ಅತ್ತೆ ಅವನಿಗೆ ಜಾಗ ಮಾಡಿಕೊಟ್ಟರು. ಅದಕ್ಕಿಂತ ದೊಡ್ಡ ಸೋಲು ಬೇರೆ ಬೇಕೆ?

ಈ ನಡುವೆ ಸಿಬ್ಬಂದಿ ಬಸ್ಸಿನಲ್ಲಿ ಒಂದು ಸಂಗತಿ ಎಲ್ಲರ ಕಣ್ಣಿಗೆ ಬಿತ್ತು. ಕಾರ್ಯದರ್ಶಿಯ ಗಲ್ಲದ ಮೇಲೆ ಒಂದು ಪಟ್ಟಿ. ಮರುದಿನ ಕೆನ್ನೆಗೊಂದು. ವಾರ ಕಳೆಯುವಷ್ಟರಲ್ಲಿ ಅವರ ಮುಖ ರಿಪೇರಿಗೆ ಬಂದ ಟಯರಿನಂತಾಗಿತ್ತು.

ಒಂದು ಮಧ್ಯಾಹ್ನ ಅವರು ಕಳೆದುಹೋದ ವಸ್ತುಗಳ ಕೌಂಟರಿಗೆ ಬಂದರು. ಸಾಲಿನಲ್ಲಿ ಕೊನೆಯವರಾಗಿ ನಿಂತು, ಮುಂದಿದ್ದವರೆಲ್ಲ ಹೋಗುವವರೆಗೆ ಕಾದರು.

"ಏನು ಕಳೆದಿದೆ ಸರ್?" ಎಂದ ಗುಮಾಸ್ತ, ಅಭ್ಯಾಸಬಲದಿಂದ.

ಕಾರ್ಯದರ್ಶಿ ಆಚೀಚೆ ನೋಡಿದರು. "ಬಚ್ಚಲಿನದು."

"ವರ್ಣನೆ ಹೇಳಿ ಸರ್."

ಇದು ತಮಾಷೆಯಲ್ಲ, ನಿಯಮ. ಕಾರ್ಯದರ್ಶಿ ಕೌಂಟರಿನ ಮೇಲೆ ಮೊಣಕೈಯೂರಿ, ತಗ್ಗಿದ ದನಿಯಲ್ಲಿ ಹೇಳತೊಡಗಿದರು. "ಶುರುವಿಗೆ ಒದ್ದೆ ಕಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದು ಬಂದ ಹಾಗೆ. ಆಮೇಲೆ ಒಂದು ತಂತಿ ಯಾವಾಗಲೂ ಸ್ವಲ್ಪ ತಡ ಮಾಡುತ್ತೆ, ಬಸ್ ಹೊರಟ ಮೇಲೆ ಓಡಿ ಬಂದು ಹತ್ತೋನ ಥರ. ಅದು ಹತ್ತಿತು ಅಂತ ಗೊತ್ತಾದ ಮೇಲೇ ನಾನು ಬ್ಲೇಡು ಗಲ್ಲಕ್ಕಿಡ್ತಿದ್ದೆ. ಕೊನೆಗೆ ಹಾಡು ಅರ್ಧಕ್ಕೇ ನಿಲ್ಲುತ್ತೆ. ಅಷ್ಟು ಹೊತ್ತಿಗೆ ನನ್ನ ಮುಖ ನುಣ್ಣಗಾಗಿರೋದು."

ತನ್ನ ವಸ್ತುವನ್ನು ಇಷ್ಟು ಸರಿಯಾಗಿ ವರ್ಣಿಸಿದ ಪ್ರಾಮಾಣಿಕನೊಬ್ಬ ಆ ಕೌಂಟರಿನ ಮುಂದೆ ನಿಂತದ್ದು ಅದೇ ಮೊದಲು.

"ಪಂಪಿನ ಕೋಣೆಗೆ ಹೋಗಿ ಅದನ್ನ ನಾನೇ ತೆಗೆದು ಮೀಟಿ ನೋಡಿದೆ ರೀ," ಎಂದರು ಕಾರ್ಯದರ್ಶಿ. "ಒಂದು ಸದ್ದಿಲ್ಲ. ತುಟಿ ಪಿಟಕ್ ಅನ್ನಲ್ಲ. ಯಜಮಾನನ ಕೈ ತಪ್ಪಿದ ಕೊರಗು ಅದಕ್ಕೆ."

"ಸರ್, ಅದು ಪ್ಲೈವುಡ್ಡು. ಬಚ್ಚಲಿನದು ಅಂತ ಬೇರೆ ಇಲ್ಲ. ಇರೋದು ಒಂದೇ."

ಕಾರ್ಯದರ್ಶಿಯ ಮುಖದ ಪಟ್ಟಿಗಳ ನಡುವೆ ಒಂದು ಜಾಣ ನಗು ಮೂಡಿತು. "ಗೊತ್ತು ಬಿಡಿ. ಯಾರು ಕೇಳಿದ್ರೂ ಹಾಗೇ ಹೇಳಿ. ನಾಳೆ ಬೆಳಗ್ಗೆ ತಂದು ಕೊಡ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ."

ಮರುದಿನ ಬೆಳಗ್ಗೆ ಹಾಲು ತರಲು ಬಾಗಿಲು ತೆರೆದರೆ ಬೆಡ್‌ಶೀಟಿನಲ್ಲಿ ಸುತ್ತಿದ ಕಂದು ಪ್ಲೈವುಡ್ಡು ಹೊಸ್ತಿಲ ಮೇಲಿತ್ತು. ಗುಮಾಸ್ತ ಅದನ್ನು ಬಚ್ಚಲಿನ ಮೊಳೆಗೆ ನೇತುಹಾಕಿದ. ಮಂಚದ ಕೆಳಗಿನದನ್ನು ಎಳೆದು, ಕರವಸ್ತ್ರ ಕಿತ್ತೆಸೆದು, ಬಕೆಟ್ಟು ಬೋರಲು ಹಾಕಿ ಕೂತು ಬಾರಿಸಿದ. ಮೇಲಿನ ಬಚ್ಚಲಿನಿಂದ ನಲ್ಲಿ ಬಿಡುವ ಸದ್ದು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಕಾರ್ಯದರ್ಶಿಗೆ ಕಪಾಟಿಗೆ ಮತ್ತೆ ಬೀಗ ಹಾಕುವುದು ಮರೆತುಹೋಗಿತ್ತು. ಹಾಗಾಗಿ ಅದೇ ವಾರ ಹಾರನ್ ತಾತ ಕಂಬಳಿಯಡಿಯಲ್ಲಿ ಹಳದಿಯದನ್ನು ಹೊತ್ತುಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು ಏದುಸಿರು ಬಿಡುತ್ತ ಮೇಲೆ ಬಂದ. "ಯಾರ್ಗೂ ಹೇಳ್ಬೇಡಪ್ಪ. ಅದ್ರಲ್ಲೂ ಮೇಲಿನೋರಿಗೆ ಗೊತ್ತಾಗ್ಬಾರ್ದು." ರಜೆಯ ದಿನ ಮೆಟ್ಟಿಲಲ್ಲಿ ಗಿಟಾರು ನುಡಿದಾಗ ಕಾರ್ಯದರ್ಶಿ ಮನೆಯ ಕಿಟಕಿ ಮುಚ್ಚಿಕೊಂಡರು, ಕೇಳಿಸದವರ ಹಾಗೆ. ಹಾಡಿನ ಉಳಿದರ್ಧದಲ್ಲಿ ಒಂದು ಸಾಲು ಅಂದು ಹೇಗೋ ಬೆರಳಿಗೆ ಬಂತು. ನಡುಮನೆಯದು ಮಾತ್ರ ಪಂಪಿನ ಕೋಣೆಯಲ್ಲೇ ಉಳಿಯಿತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಹೀಗೆ ಬಚ್ಚಲಿನಲ್ಲೊಂದು, ಅಟ್ಟದ ಮೇಲೊಂದು, ಮಂಚದ ಕೆಳಗೊಂದು ಆಗಿ, ಗುಮಾಸ್ತ ನಿಯಮದ ಪ್ರಕಾರ ಈಗ ನಿಜಕ್ಕೂ ಅಪರಾಧಿಯಾಗಿದ್ದ. ಸ್ನಾನಕ್ಕೆ ಹೋದವರಿಗೆಲ್ಲ ಆ ಕಂದು ಗಿಟಾರು ತಲೆಗೆ ಬಡಿಯುತ್ತಿತ್ತು. ಹೆಂಡತಿ ಕರವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ಅವನ ಜೇಬಿಗಿಟ್ಟಳು.

ಕೆಲವು ದಿನಗಳ ನಂತರ ಸಿಬ್ಬಂದಿ ಬಸ್ಸಿನಲ್ಲಿ, ನುಣ್ಣನೆಯ ಮುಖದ ಕಾರ್ಯದರ್ಶಿ ಹತ್ತು ಜನಕ್ಕೆ ಕೇಳುವ ಹಾಗೆ ಕೇಳಿದರು, "ಏನ್ರೀ ಗುಮಾಸ್ತರೆ, ಈಗ ಎಷ್ಟಿವೆ?"

ಗುಮಾಸ್ತ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

"ಒಂದೇ ಸರ್," ಎಂದ.

ಬಸ್ಸಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಲ್ಲರೂ ನಂಬಿದರು.